ಡಾಕ್ಟರ್ ಹೋಮಿ ಭಾಭಾ ಮತ್ತು ಬೆಂಗಳೂರಿನ ಆರು ವರ್ಷಗಳು

ಕಾರ್ಕಳದ ಗೊಮ್ಮಟಬೆಟ್ಟದ ಮೆಟ್ಟಿಲುಗಳನ್ನು ವಿದ್ಯಾರ್ಥಿಗಳೊಡನೆ ಏರಿ, 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿಗಳ ಆ ಏಕಶಿಲಾ ಮೂರ್ತಿಯ ಪಾದದ ಬಳಿ ನಿಂತಾಗಲೆಲ್ಲ, ವಿಜ್ಞಾನದ ಅಧ್ಯಾಪಕನಾದ ನಾನು ಅವರಿಗೆ ತಪ್ಪದೆ ಹೇಳುವ ಸಂಗತಿಯೊಂದುಂಟು. ಆರು ಶತಮಾನಗಳ ಮುಂಗಾರು ಆ ಶಿಲೆಯ ಮೇಲೆ ಸುರಿದಿದೆ. ಅದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಮಳೆಯೂ ಹಗಲಿರುಳೆನ್ನದೆ ಸುರಿಯುತ್ತಲೇ ಇದೆ. ಆಕಾಶದ ಕಡೆಗೆ ಅಂಗೈ ಚಾಚಿದರೆ, ಅದರ ಮೂಲಕ ನಿಮಿಷಕ್ಕೆ ಸುಮಾರು ನೂರು ಕಣಗಳು ಹಾದುಹೋಗುತ್ತವೆ. ಶಿಲೆಯಾಗಲಿ ಶರೀರವಾಗಲಿ ಅವುಗಳಿಗೆ ದೊಡ್ಡ ತಡೆಯಲ್ಲ. ವಿಶ್ವಕಿರಣಗಳೆಂದು ಕರೆಯಲ್ಪಡುವ ಈ ಮಳೆಯನ್ನು ಅಳೆಯುವುದಕ್ಕಾಗಿಯೇ ಒಬ್ಬ ಪ್ರತಿಭಾವಂತರು ಕನ್ನಡ ನಾಡಿನಲ್ಲಿ ಆರು ವರ್ಷ ನೆಲೆಸಿದ್ದರು. ಪರಮಾಣು ಶಕ್ತಿಯ ಕಾರಣದಿಂದ ಡಾ. ಹೋಮಿ ಜಹಾಂಗೀರ್ ಭಾಭಾ ಅವರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅವರನ್ನು ರೂಪಿಸಿದ ಬೆಂಗಳೂರಿನ ಆ ವರ್ಷಗಳು ಪಠ್ಯಪುಸ್ತಕಗಳಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತವೆ. ಆ ಒಂದು ಸಾಲನ್ನು ಸ್ವಲ್ಪ ವಿಸ್ತರಿಸುವುದು ಈ ಬರಹದ ಉದ್ದೇಶ.

ಹೋಮಿ ಭಾಭಾ 1909ರ ಅಕ್ಟೋಬರ್ 30ರಂದು ಮುಂಬಯಿಯ ಶ್ರೀಮಂತ ಪಾರಸಿ ಮನೆತನದಲ್ಲಿ ಜನಿಸಿದರು. ಮನೆತನ ಮುಂಬಯಿಯದಾದರೂ ಅದರ ಒಂದು ಬೇರು ಮೈಸೂರು ಸೀಮೆಯಲ್ಲಿತ್ತು. ಅವರ ಪಿತಾಮಹ ಹೋರ್ಮಸ್‌ಜಿ ಭಾಭಾ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರು. ತಂದೆ ಜಹಾಂಗೀರರು ಬೆಂಗಳೂರಿನಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ನ್ಯಾಯವಾದಿಗಳಾದರು. ಸೋದರತ್ತೆ ಮೆಹರ್‌ಬಾಯಿ ಜಮ್‌ಷೇಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿಯವರ ಕೈಹಿಡಿದು ಟಾಟಾ ಮನೆಯ ಸೊಸೆಯಾದರು. ಹೋಮಿ ಹುಟ್ಟಿದ 1909ರಲ್ಲಿಯೇ, ಟಾಟಾ ಅವರ ದತ್ತಿ ಮತ್ತು ಮೈಸೂರು ಮಹಾರಾಜರು ಕೊಟ್ಟ 371 ಎಕರೆ ಭೂಮಿಯ ಆಧಾರದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರ ಸ್ಥಾಪನೆಯಾಯಿತು. ಮೂವತ್ತು ವರ್ಷಗಳ ಮೇಲೆ ಮಗುವಿಗೂ ಮಂದಿರಕ್ಕೂ ಸಂಬಂಧ ಕೂಡಿಬರಲಿದೆಯೆಂದು ಅಂದು ಯಾರು ತಾನೆ ಊಹಿಸಿದ್ದಾರು?

ತಂದೆಗೂ ಮಾವ ದೊರಾಬ್‌ಜಿಯವರಿಗೂ ಇದ್ದ ಆಸೆ ಬೇರೆ. ಹುಡುಗ ಇಂಜಿನಿಯರನಾಗಿ ಬಂದು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯ ಹೊಣೆ ಹೊರಬೇಕೆಂದು ಅವರು ಬಯಸಿದ್ದರು. 1927ರಲ್ಲಿ ಹೋಮಿ ಕೇಂಬ್ರಿಜ್ಜಿಗೆ ತೆರಳಿದ್ದು ಯಂತ್ರಶಾಸ್ತ್ರ ಕಲಿಯುವುದಕ್ಕಾಗಿಯೇ. ಆದರೆ ಅಲ್ಲಿ ಡಿರಾಕ್ ಮೊದಲಾದವರು ಭೌತಶಾಸ್ತ್ರದ ಹೊಸ ಯುಗವನ್ನೇ ತೆರೆಯುತ್ತಿದ್ದರು. ತರುಣನ ಮನಸ್ಸು ಯಂತ್ರಗಳಿಂದ ಕದಲಿತು. ತಂದೆಮಕ್ಕಳ ನಡುವೆ ಒಂದು ಒಡಂಬಡಿಕೆಯಾಯಿತು. ಯಂತ್ರಶಾಸ್ತ್ರದ ಪರೀಕ್ಷೆಯಲ್ಲಿ ಪ್ರಥಮ ವರ್ಗ ಬಂದರೆ, ಇನ್ನೆರಡು ವರ್ಷ ಗಣಿತ ಓದುವುದಕ್ಕೆ ತಂದೆ ಹಣ ಕಳುಹಿಸಬೇಕು. 1930ರಲ್ಲಿ ಮಗ ತನ್ನ ಮಾತನ್ನು ಉಳಿಸಿಕೊಂಡ, ತಂದೆಯೂ ಉಳಿಸಿಕೊಂಡರು. 1932ರಲ್ಲಿ ಗಣಿತದಲ್ಲಿಯೂ ಪ್ರಥಮ ವರ್ಗ ಬಂದಿತು. ಮಕ್ಕಳ ಒಲವನ್ನು ಬಗ್ಗಿಸಲು ಹೊರಡುವ ತಂದೆತಾಯಿಗಳು ನಮ್ಮ ಶಾಲೆಗೂ ಬರುತ್ತಾರೆ. ಅವರ ಮುಂದೆ ನಾನು ಈ ಒಡಂಬಡಿಕೆಯನ್ನು ಪ್ರಸ್ತಾಪಿಸುವುದುಂಟು.

ಮುಂದಿನ ಏಳು ವರ್ಷ ಭಾಭಾ ಯುರೋಪಿನ ವಿದ್ವತ್ಕೇಂದ್ರಗಳಲ್ಲಿ ಕಳೆದರು. ಜ್ಯೂರಿಚ್ಚಿನಲ್ಲಿ ಪೌಲಿ, ರೋಮಿನಲ್ಲಿ ಫರ್ಮಿ ಅವರ ಸಾನ್ನಿಧ್ಯ ದೊರೆಯಿತು. ಎಲೆಕ್ಟ್ರಾನೂ ಅದರ ಪ್ರತಿಕಣವಾದ ಪಾಸಿಟ್ರಾನೂ ಪರಸ್ಪರ ಎದುರಾಗಿ ಚದುರುವ ಕ್ರಮವನ್ನು ಅವರು ಲೆಕ್ಕ ಹಾಕಿದರು. ಅದಕ್ಕೆ ಇಂದಿಗೂ ಭಾಭಾ ಚದುರಿಕೆಯೆಂದೇ ಹೆಸರು. 1937ರಲ್ಲಿ ಹೈಟ್ಲರ್ ಅವರೊಡಗೂಡಿ, ಆಕಾಶದಿಂದ ಬಂದ ಒಂದೇ ಒಂದು ಬಲಿಷ್ಠ ಎಲೆಕ್ಟ್ರಾನು ವಾತಾವರಣದಲ್ಲಿ ಮರಿ, ಮರಿಮರಿ ಕಣಗಳಾಗಿ ಒಡೆದು ಹೇಗೆ ಒಂದು ಸೋನೆಯಾಗುತ್ತದೆಂಬುದನ್ನು ವಿವರಿಸಿದರು. ವಿಶ್ವಕಿರಣಗಳಲ್ಲಿ ಆಗ ತಾನೆ ಕಂಡುಬಂದಿದ್ದ, ಎಲೆಕ್ಟ್ರಾನಿಗೂ ಪ್ರೋಟಾನಿಗೂ ನಡುವಣ ತೂಕದ ಕಣಕ್ಕೆ 1939ರಲ್ಲಿ ಮೆಸಾನ್ ಎಂಬ ಹೆಸರನ್ನು ಸೂಚಿಸಿದವರೂ ಅವರೇ. ಇಷ್ಟೆಲ್ಲವೂ ಕಾಗದ ಲೇಖನಿಗಳ ಕೆಲಸ. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

1939ರಲ್ಲಿ ಭಾಭಾ ರಜೆಗೆಂದು ಸ್ವದೇಶಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಮರಳಿ ಹೋಗುವ ದಾರಿ ಮುಚ್ಚಿತು. ಅವರು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ರೀಡರ್ ಹುದ್ದೆ ಸ್ವೀಕರಿಸಿದರು. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಅಲ್ಲಿ ಇದ್ದವರು ಸರ್ ಸಿ.ವಿ. ರಾಮನ್. ಯುದ್ಧದ ಕಾರಣದಿಂದಲೇ ಕೇಂಬ್ರಿಜ್ಜಿನಿಂದ ಹಿಂದಿರುಗಿದ್ದ ವಿಕ್ರಮ್ ಸಾರಾಭಾಯಿ ಕೂಡ ಅದೇ ಆವರಣದಲ್ಲಿ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದರು. ಮುಂದೆ ಈ ದೇಶದ ಪರಮಾಣು ಶಕ್ತಿ ಹಾಗೂ ಅಂತರಿಕ್ಷ ಕಾರ್ಯಗಳಿಗೆ ತಳಹದಿ ಹಾಕಿದ ಇಬ್ಬರೂ ಯುದ್ಧದಿಂದ ದಾರಿತಪ್ಪಿ ಬೆಂಗಳೂರಿಗೆ ಬಂದವರೆಂಬುದು ಗಮನಾರ್ಹ.

ಸೈದ್ಧಾಂತಿಕ ಪಂಡಿತರಾಗಿದ್ದ ಭಾಭಾ ಇಲ್ಲಿ ಪ್ರಯೋಗಕ್ಕೆ ಕೈಹಾಕಿದರು. ಇದಕ್ಕೆ ಸ್ಥಳಮಹಿಮೆಯೂ ಕಾರಣ. ಭೂಮಿಯ ಕಾಂತಕ್ಷೇತ್ರವು ಆಕಾಶದಿಂದ ಬರುವ ವಿದ್ಯುದಾವಿಷ್ಟ ಕಣಗಳನ್ನು ಬಾಗಿಸಿ ಹಿಂದಕ್ಕೆ ಅಟ್ಟುತ್ತದೆ. ಈ ಕಾವಲು ಧ್ರುವಗಳ ಬಳಿ ಸಡಿಲ, ಕಾಂತೀಯ ಸಮಭಾಜಕದ ಬಳಿ ಬಿಗಿ. ಬೆಂಗಳೂರು ಆ ಸಮಭಾಜಕಕ್ಕೆ ಕೇವಲ ಮೂರು ಡಿಗ್ರಿಗಳಷ್ಟು ಸಮೀಪದಲ್ಲಿರುವುದರಿಂದ, ಅತ್ಯಂತ ಬಲಿಷ್ಠವಾದ ಕಣಗಳಿಗೆ ಮಾತ್ರ ಇಲ್ಲಿಯ ಆಕಾಶದಲ್ಲಿ ಪ್ರವೇಶ. ಅಮೆರಿಕದ ಮಿಲಿಕನ್ ಅವರು ತಮ್ಮ ಸಂಗಡಿಗರೊಂದಿಗೆ ಆ ವರ್ಷಗಳಲ್ಲಿ ಬೆಂಗಳೂರಿಗೆ ಬಂದು ಬಲೂನುಗಳನ್ನು ಹಾರಿಸಿದ್ದು ಇದೇ ಕಾರಣಕ್ಕೆ. ಯುದ್ಧಕಾಲದಲ್ಲಿ ಇಲ್ಲಿಗೆ ಬಂದಿದ್ದ ಸೇನಾವಿಮಾನಗಳಲ್ಲಿ ಉಪಕರಣಗಳನ್ನಿರಿಸಿ, ಭಾಭಾ ಮತ್ತು ಅವರ ಸಹಾಯಕರು 30,000 ಅಡಿಗಳ ಎತ್ತರದವರೆಗೆ ಮೆಸಾನುಗಳನ್ನು ಎಣಿಸಿದರು. ಆ ಉಪಕರಣಗಳನ್ನು ಇಲ್ಲಿಯೇ ಕೈಯಾರೆ ಜೋಡಿಸಿಕೊಳ್ಳಬೇಕಾಗಿತ್ತು. ಅತಿ ಬೆಲೆಯುಳ್ಳ ಕಣಪ್ರವಾಹ ಬಡದೇಶದ ತಲೆಯ ಮೇಲೆ ಪುಕ್ಕಟೆಯಾಗಿ ಸುರಿಯುತ್ತಿದೆ, ಹಿಡಿಯುವ ಪಾತ್ರೆ ಮಾತ್ರ ಬೇಕು ಎಂಬ ಅರಿವು ಅವರಲ್ಲಿ ಬೇರೂರಿದ್ದು ಈ ಕಾಲದಲ್ಲಿಯೇ ಎಂದು ನನ್ನ ಭಾವನೆ. 1941ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು.

ಯುದ್ಧ ಮುಗಿದೊಡನೆ ಕೇಂಬ್ರಿಜ್ಜಿಗೆ ಮರಳಬೇಕೆಂಬುದು ಅವರ ಮೊದಲಿನ ಸಂಕಲ್ಪ. ಅದು ಸ್ವಾಭಾವಿಕವೇ ಆಗಿತ್ತು. ಬೌದ್ಧಿಕ ಸಂಗಾತಿಗಳೂ ಗ್ರಂಥಾಲಯಗಳೂ ಅಲ್ಲಿದ್ದವು. ಆದರೆ ಬೆಂಗಳೂರಿನಲ್ಲಿ ದಿನಗಳೆದಂತೆ ಆ ಸಂಕಲ್ಪ ಸಡಿಲವಾಯಿತು. ತಕ್ಕ ಅನುಕೂಲತೆಯಿದ್ದರೆ ಸ್ವದೇಶದಲ್ಲಿ ಉಳಿಯುವುದೇ ಕರ್ತವ್ಯವೆಂಬ ನಿಲುವಿಗೆ ಅವರು ಬಂದರು. ಅನುಕೂಲತೆ ಇಲ್ಲವೆಂದು ದೂರಿ ಹೊರಟುಹೋಗುವ ಬದಲು ಅದನ್ನು ಕಟ್ಟಲು ನಿರ್ಧರಿಸಿದರು. 1944ರ ಮಾರ್ಚ್ 12ರಂದು ಸರ್ ದೊರಾಬ್‌ಜಿ ಟಾಟಾ ದತ್ತಿನಿಧಿಯ ಸೊರಾಬ್‌ಜಿ ಸಕ್ಲಾತ್‌ವಾಲಾ ಅವರಿಗೆ ಒಂದು ಪತ್ರ ಬರೆದು, ಮೂಲಭೂತ ಸಂಶೋಧನೆಗೆ ಮೀಸಲಾದ ಸಂಸ್ಥೆಯ ಯೋಜನೆಯನ್ನು ಮುಂದಿಟ್ಟರು. ಮುಂದೊಂದು ದಿನ ಪರಮಾಣು ಶಕ್ತಿಯಿಂದ ವಿದ್ಯುತ್ತು ದೊರೆಯುವಾಗ ತಜ್ಞರಿಗಾಗಿ ಈ ದೇಶ ಹೊರಗೆ ಕೈಚಾಚಬೇಕಾಗಬಾರದೆಂಬ ಅಭಿಪ್ರಾಯ ಆ ಪತ್ರದಲ್ಲಿತ್ತು. ಹಿರೋಷಿಮಾದ ಮೇಲೆ ಬಾಂಬು ಬಿದ್ದುದು ಅದಾದ ಹದಿನೇಳು ತಿಂಗಳ ಮೇಲೆ. ಜಗತ್ತಿನ ಬಹುಪಾಲು ಮುಖಂಡರಿಗೆ ಪರಮಾಣು ಶಕ್ತಿಯೆಂಬ ಮಾತೇ ಕಿವಿಗೆ ಬಿದ್ದಿರದ ಕಾಲದಲ್ಲಿ ಬರೆದ ಪತ್ರವಿದು.

ದತ್ತಿನಿಧಿ ಒಪ್ಪಿತು. 1945ರ ಜೂನ್ 1ರಂದು ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಬೆಂಗಳೂರಿನ ವಿಜ್ಞಾನ ಮಂದಿರದ ಆವರಣದಲ್ಲಿಯೇ ಕೆಲಸ ಪ್ರಾರಂಭಿಸಿತು. ಅದೇ ವರ್ಷದ ಕೊನೆಗೆ ಮುಂಬಯಿಯ ಪೆಡ್ಡರ್ ರಸ್ತೆಯಲ್ಲಿದ್ದ ಕೆನಿಲ್‌ವರ್ತ್ ಎಂಬ ಬಂಗಲೆಗೆ ಸ್ಥಳಾಂತರಗೊಂಡಿತು. ಮೊದಲ ವರ್ಷದ ಬಂಡವಾಳ ಸುಮಾರು 80,000 ರೂಪಾಯಿ, ಅದರಲ್ಲಿ 45,000 ದತ್ತಿನಿಧಿಯದು. ಒಂದು ಸಂಸ್ಥೆಯ ಹುಟ್ಟಿಗೆ ಇಷ್ಟು ಸಾಕೇ ಎಂದು ಇಂದಿನವರು ಕೇಳಬಹುದು. ನಮ್ಮ ಕರಾವಳಿಯವರಿಗೆ ಇದು ಆಶ್ಚರ್ಯವಲ್ಲ. ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯಿಂದ ಬ್ಯಾಂಕನ್ನು ಬೆಳೆಸಿದ ಡಾ. ಟಿ.ಎಂ.ಎ. ಪೈಗಳು, 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ತೆರೆದುದನ್ನು ಕಣ್ಣಾರೆ ಕಂಡ ನಾಡು ಇದು. ಕೊಡುವವರು ಯಾರೆಂಬುದಕ್ಕಿಂತ ಕೇಳುವವರಿಗೆ ತಾವು ಕಟ್ಟಲಿರುವುದರ ಸ್ಪಷ್ಟ ಕಲ್ಪನೆಯಿದೆಯೇ ಎಂಬುದು ಮುಖ್ಯ. ಭಾಭಾ ಅವರಿಗೆ ಅದಿತ್ತು.

ಹೊಸ ಸಂಸ್ಥೆ ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ವಿಶ್ವಕಿರಣಗಳ ಅಧ್ಯಯನವೇ ಪ್ರಧಾನ. ಇಲ್ಲಿ ವಾಚಕರ ಅನುಮತಿಯಿಂದ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದು ಭಾಭಾ ಅವರ ಜೀವನಕಥೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಅಧ್ಯಾಯ. ಆಗ ಕಣಗಳನ್ನು ಹಿಡಿಯುವ ಉತ್ತಮ ಸಾಧನವೆಂದರೆ ಎಮಲ್ಷನ್, ಅಂದರೆ ಛಾಯಾಚಿತ್ರದ ಫಲಕಕ್ಕೆ ಬಳಿಯುವ ಲೇಪವನ್ನೇ ಹಲವು ಪಟ್ಟು ದಪ್ಪಗೊಳಿಸಿದ್ದು. ಅದನ್ನು ಬಲೂನಿಗೆ ಕಟ್ಟಿ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಎತ್ತರಕ್ಕೆ ಹಾರಿಸಿ, ಇಳಿದ ಮೇಲೆ ಹುಡುಕಿ ತಂದು, ಛಾಯಾಚಿತ್ರದಂತೆಯೇ ಸಂಸ್ಕರಿಸಿದರೆ, ಕಣ ಹಾದುಹೋದ ಹಾದಿಯುದ್ದಕ್ಕೂ ಬೆಳ್ಳಿಯ ಕರಿಯ ಚುಕ್ಕೆಗಳ ಸಾಲು ಕಾಣಿಸುತ್ತದೆ. ಆ ಮೇಲೆ ಸೂಕ್ಷ್ಮದರ್ಶಕದ ಮುಂದೆ ತಿಂಗಳುಗಟ್ಟಲೆ ಕುಳಿತು, ಇರುವೆಯ ಜಾಡು ಹಿಡಿದಂತೆ ಒಂದೊಂದೇ ಗೆರೆಯನ್ನು ಅಳೆಯಬೇಕು. ಗೆರೆಯ ದಪ್ಪ ಕಣದ ವಿದ್ಯುದಂಶವನ್ನು ಹೇಳುತ್ತದೆ, ನಿಲ್ಲುವವರೆಗಿನ ಉದ್ದ ಅದರ ಶಕ್ತಿಯನ್ನು ಹೇಳುತ್ತದೆ. ಕೋಟಿಗಟ್ಟಲೆ ರೂಪಾಯಿಯ ಯಂತ್ರ ಇದಕ್ಕೆ ಬೇಕಿಲ್ಲ, ತಾಳ್ಮೆ ಬೇಕು.

ಇಂಥ ಫಲಕಗಳಲ್ಲಿಯೇ ವಿಚಿತ್ರ ಕಣಗಳು ಪ್ರತ್ಯಕ್ಷವಾದವು. 1950ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಹಾಪರ್ ಎಂಬವರೂ ನಮ್ಮ ದೇಶದ ಸುಕುಮಾರ್ ಬಿಶ್ವಾಸರೂ ಕೂಡಿ, ಬಲೂನಿನಲ್ಲಿ ಹಾರಿಬಂದ ಎಮಲ್ಷನ್ನಿನಲ್ಲಿ ವಿದ್ಯುದಂಶವಿಲ್ಲದ ಕಣವೊಂದು ಪ್ರೋಟಾನನ್ನು ಹೊರಹಾಕುತ್ತ ಒಡೆಯುವುದನ್ನು ಕಂಡರು. ಲ್ಯಾಂಬ್ಡಾ ಎಂದು ಹೆಸರಾದ ಈ ಕಣ ಪ್ರೋಟಾನಿಗಿಂತ ಸುಮಾರು ಐದರಲ್ಲೊಂದು ಪಾಲು ಹೆಚ್ಚು ತೂಕದ್ದು. ಬಿಶ್ವಾಸರು ಮುಂದೆ ಭಾಭಾ ಅವರ ಸಂಸ್ಥೆಯನ್ನೇ ಸೇರಿದರು. ಲ್ಯಾಂಬ್ಡಾದ ಆಯುಷ್ಯ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನ ಕಾಲುಭಾಗದಷ್ಟು. ಆದರೂ ಅದು ಹುಟ್ಟುವ ಬಗೆಯನ್ನು ನೋಡಿದರೆ ಇಷ್ಟು ದೀರ್ಘಕಾಲ ಬದುಕಲೇಬಾರದಾಗಿತ್ತು. ಈ ಅಸಂಗತತೆಯನ್ನು ಬಿಡಿಸಲು 1953ರಲ್ಲಿ ಗೆಲ್‌ಮನ್ ಮತ್ತು ನಿಶಿಜಿಮಾ ಕಣಗಳಿಗೆ ವಿಚಿತ್ರತೆಯೆಂಬ ಹೊಸ ಗುಣವನ್ನೇ ಆರೋಪಿಸಿದರು.

ಅದಕ್ಕೆ ಸ್ವಲ್ಪ ಮೊದಲೇ, 1952ರಲ್ಲಿ, ಯುದ್ಧದಿಂದ ಧ್ವಂಸವಾಗಿದ್ದ ವಾರ್ಸಾ ನಗರದಲ್ಲಿ ಮರಿಯನ್ ದಾನಿಷ್ ಮತ್ತು ಯೆಝಿ ಪ್ನೆವ್‌ಸ್ಕಿ ಎಂಬ ಇಬ್ಬರು ಪೋಲಿಷ್ ವಿಜ್ಞಾನಿಗಳು ಇಂಥದೇ ಒಂದು ಫಲಕವನ್ನು ಪರೀಕ್ಷಿಸುತ್ತಿದ್ದರು. ವಿಶ್ವಕಿರಣದ ಹೊಡೆತಕ್ಕೆ ಪರಮಾಣುವಿನ ನ್ಯೂಕ್ಲಿಯಸ್ಸೊಂದು ಚೂರಾಗಿತ್ತು. ಆ ಚೂರುಗಳಲ್ಲಿ ಒಂದು ಕೂದಲೆಳೆಯ ದಪ್ಪದಷ್ಟು ದೂರ ಸಾಗಿ, ನಿಂತು, ತಾನೇ ತಾನಾಗಿ ಮತ್ತೊಮ್ಮೆ ಸಿಡಿದಿತ್ತು. ನಿಂತ ಚೂರಿಗೆ ಸಿಡಿಯುವ ಶಕ್ತಿ ಎಲ್ಲಿಂದ ಬಂದಿತು? ಅದರೊಳಗೆ ಒಂದು ಲ್ಯಾಂಬ್ಡಾ ಸೇರಿಕೊಂಡಿತ್ತೆಂಬುದೇ ಉತ್ತರ. ಹೈಪರ್‌ನ್ಯೂಕ್ಲಿಯಸ್ ಪತ್ತೆಯಾದದ್ದು ಹೀಗೆ. ದಾನಿಷ್ ಹುಟ್ಟಿದ್ದೂ 1909ರಲ್ಲಿ, ಭಾಭಾ ಅವರಂತೆ ಅವರೂ ಓದಿದ್ದು ಇಂಜಿನಿಯರಿಂಗ್. ಬಡವಾದ ಎರಡು ದೇಶಗಳ ಈ ಇಬ್ಬರು ಸಮವಯಸ್ಕರಿಗೂ ಆಕಾಶವೇ ಪ್ರಯೋಗಶಾಲೆಯಾಗಿತ್ತು.

ಈ ಶೋಧದ ಮಹತ್ತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹೀಲಿಯಮ್ ನ್ಯೂಕ್ಲಿಯಸ್ಸಿನಲ್ಲಿ ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳಿಗೆ ಒಳಮನೆ ತುಂಬಿಹೋಗುತ್ತದೆ. ಒಂದೇ ಬಗೆಯ ಎರಡು ಕಣಗಳು ಒಂದೇ ಸ್ಥಿತಿಯಲ್ಲಿರಲಾರವೆಂಬ ನಿಯಮವನ್ನು ಹೇಳಿದವರು ಭಾಭಾ ಅವರ ಗುರು ಪೌಲಿ. ಐದನೆಯದಾಗಿ ಬಂದ ನ್ಯೂಟ್ರಾನು ಅಲ್ಲಿ ನೆಲೆನಿಲ್ಲದು. ಲ್ಯಾಂಬ್ಡಾ ಬೇರೆ ಬಗೆಯ ಕಣವಾದ್ದರಿಂದ ಅದಕ್ಕೆ ಈ ನಿರ್ಬಂಧ ತಟ್ಟುವುದಿಲ್ಲ. ಅದು ನೇರವಾಗಿ ಒಳಮನೆಗೆ ಹೋಗಿ, ಸುಮಾರು 3 ದಶಲಕ್ಷ ಎಲೆಕ್ಟ್ರಾನ್ ವೋಲ್ಟುಗಳ ಬಂಧದಲ್ಲಿ ನೆಲೆಸುತ್ತದೆ. ಅನ್ಯರಿಗೆ ಪ್ರವೇಶವಿಲ್ಲದ ಗರ್ಭಗೃಹದ ಸುದ್ದಿಯನ್ನು ಹೊರಗೆ ತರುವ ದೂತನೇ ಸಿಕ್ಕಂತಾಯಿತು. ಒಡೆದ ಚೂರುಗಳ ಗೆರೆಯನ್ನು ಅಳೆದು ಈ ಬಂಧಶಕ್ತಿಯನ್ನು ನಿರ್ಣಯಿಸುವ ವಿದ್ಯೆಯೇ ಬೆಳೆದು ಹೈಪರ್‌ನ್ಯೂಕ್ಲಿಯಸ್ಸುಗಳ ರೋಹಿತಶಾಸ್ತ್ರವಾಯಿತು. 1998ರಲ್ಲಿ ಜಪಾನಿನ ವಿಜ್ಞಾನಿಗಳು ಲ್ಯಾಂಬ್ಡಾವನ್ನು ಒಳಗೊಂಡ ಲಿಥಿಯಮ್ಮಿನಿಂದ ಹೊರಟ ಗಾಮಾ ಕಿರಣಗಳನ್ನು, ಸಂಗೀತಗಾರ ಶ್ರುತಿ ಹಿಡಿದಂತೆ, ಅತಿ ಸೂಕ್ಷ್ಮವಾಗಿ ಬೇರ್ಪಡಿಸಿದರು.

ಭಾಭಾ ಸ್ವತಃ ಈ ಫಲಕಗಳ ಮುಂದೆ ಕುಳಿತವರಲ್ಲ. ಅವರು ಮಾಡಿದ್ದು ಕುಳಿತುಕೊಳ್ಳಬಲ್ಲವರನ್ನು ಕರೆತಂದು ಅವರಿಗೆ ಸ್ಥಳ ಒದಗಿಸಿದ್ದು. 1951ರಲ್ಲಿ ಬರ್ನಾರ್ಡ್ ಪೀಟರ್ಸ್ ಅಮೆರಿಕದಿಂದ ಬಂದರು. ಅವರ ಸುತ್ತ ದೇವೇಂದ್ರ ಲಾಲ್, ಯಶ್‌ಪಾಲ್ ಮುಂತಾದ ತರುಣರು ಕೂಡಿ, ದಕ್ಷಿಣ ಭಾರತದ ಆಕಾಶಕ್ಕೆ ಹಾರಿಸಿದ ಎಮಲ್ಷನ್ನುಗಳಲ್ಲಿ ವಿಚಿತ್ರ ಮೆಸಾನುಗಳ ತೂಕವನ್ನು ಅಳೆದು ವಿದೇಶದ ಸಭೆಗಳಲ್ಲಿ ಮಂಡಿಸಿದರು. ಬ್ರಿಸ್ಟಲ್ಲಿನಲ್ಲಿ ಪಾವೆಲ್ ಅವರ ಬಳಿ ಕೆ-ಮೆಸಾನುಗಳ ಮೇಲೆ ಕೆಲಸ ಮಾಡಿ ಹೆಸರು ಗಳಿಸಿದ್ದ ತರುಣರೊಬ್ಬರನ್ನು ಭಾಭಾ 1955ರಲ್ಲಿ ಮುಂಬಯಿಗೆ ಕರೆಸಿಕೊಂಡರು. ಅವರು ಎಂ.ಜಿ.ಕೆ. ಮೆನನ್. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, 1928ರಲ್ಲಿ. ಉಡುಪಿಯ ಸಮೀಪದ ಅದಮಾರಿನ ಯು.ಆರ್. ರಾವ್ ಅವರು ಸಾರಾಭಾಯಿ ಅವರ ಶಿಷ್ಯರಾಗಿ ತಮ್ಮ ಜೀವಿತವನ್ನು ಆರಂಭಿಸಿದ್ದೂ ವಿಶ್ವಕಿರಣಗಳಿಂದಲೇ ಎಂಬುದನ್ನು ಇಲ್ಲಿ ನೆನೆಯಬೇಕು.

ಅಷ್ಟರಲ್ಲಿ ಕಾಲ ಬದಲಾಯಿತು. ಅಮೆರಿಕದಲ್ಲಿ ಬೃಹತ್ ವೇಗವರ್ಧಕ ಯಂತ್ರಗಳು ತಲೆಯೆತ್ತಿ, ಆಕಾಶ ವರ್ಷಕ್ಕೊಮ್ಮೆ ಕೊಡುತ್ತಿದ್ದ ವಿಚಿತ್ರ ಕಣಗಳನ್ನು ದಿನಕ್ಕೆ ಸಾವಿರಗಟ್ಟಲೆ ಉತ್ಪಾದಿಸತೊಡಗಿದವು. ಆ ಓಟದಲ್ಲಿ ಭಾರತ ಹಿಂದುಳಿಯುವುದು ನಿಶ್ಚಿತವಾಗಿತ್ತು. ಆದರೆ ಹಣದಿಂದ ಕೊಳ್ಳಲಾಗದ ಒಂದು ವಸ್ತು ಕನ್ನಡ ನಾಡಿನಲ್ಲಿತ್ತು. ಅದು ಕೋಲಾರದ ಚಿನ್ನದ ಗಣಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಕತ್ತಲೆ. ಮೈಸೂರು ಸೀಮೆಯವರಾದ ಬಿ.ವಿ. ಶ್ರೀಕಂಠನ್ ಅವರನ್ನು 1950ರ ಸುಮಾರಿಗೇ ಭಾಭಾ ಅಲ್ಲಿಗೆ ಕಳುಹಿಸಿದ್ದರು. ತಾವೇ ತಯಾರಿಸಿದ ಎಣಿಕೆಯ ಉಪಕರಣಗಳೊಡನೆ ಶ್ರೀಕಂಠನ್ ಗಣಿಗಿಳಿದು, ಬಂಡೆಯನ್ನು ಭೇದಿಸಿ ಬರುವ ಕಣಗಳನ್ನು ಆಳಕ್ಕೆ ತಕ್ಕಂತೆ ಎಣಿಸಿದರು. ಅರುವತ್ತರ ದಶಕದಲ್ಲಿ ಆ ಕೆಲಸ ಮತ್ತಷ್ಟು ಕೆಳಕ್ಕೆ ಹೋಯಿತು. 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಬರಲಿಲ್ಲ. ಸೋಲೆನ್ನಬಹುದಾಗಿದ್ದ ಈ ಮೌನವೇ ವರವಾಯಿತು. ಬೇರೆಲ್ಲ ಸದ್ದೂ ಅಡಗಿದ ಆ ಪಾತಾಳದಲ್ಲಿ, ಬಂಡೆಗಳನ್ನು ಲೆಕ್ಕಿಸದ ನ್ಯೂಟ್ರಿನೋವನ್ನು ಮಾತ್ರ ಕೇಳಬಹುದಾಗಿತ್ತು. 1965ರಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಮೆನನ್ ಅವರ ತಂಡ ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರ್ಹಮ್‌ನವರ ಸಹಯೋಗದಿಂದ ವಾತಾವರಣದ ನ್ಯೂಟ್ರಿನೋಗಳ ಕುರುಹನ್ನು ಜಗತ್ತಿನಲ್ಲಿ ಮೊದಲಿಗರಾಗಿ ದಾಖಲಿಸಿತು.

ಭಾಭಾ ಅವರ ಪರಮಾಣು ಕಾರ್ಯ ಸುವಿದಿತ. 1948ರಲ್ಲಿ ಆಯೋಗದ ಅಧ್ಯಕ್ಷತೆ, 1954ರಲ್ಲಿ ಟ್ರಾಂಬೆ ಕೇಂದ್ರ, 1955ರಲ್ಲಿ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠ, 1956ರಲ್ಲಿ ಅಪ್ಸರಾ ರಿಯಾಕ್ಟರ್ ಇವುಗಳನ್ನು ಹೆಸರಿಸಿದರೆ ಸಾಕು. ಚಿತ್ರಕಲೆ, ಸಂಗೀತ, ಉದ್ಯಾನಗಳಲ್ಲಿ ಅವರಿಗಿದ್ದ ಆಸಕ್ತಿ ಅಪಾರ. ಅವಿವಾಹಿತರಾಗಿದ್ದ ಅವರಿಗೆ ಕೊಲಾಬಾದ ಕಡಲತಡಿಯಲ್ಲಿ ಎದ್ದುನಿಂತ ಸಂಸ್ಥೆಯೇ ಸಂಸಾರವಾಗಿತ್ತೆಂದರೂ ಸಲ್ಲುತ್ತದೆ.

ಆದರೆ ಅಧ್ಯಾಪಕನಾದ ನಾನು ಒಂದು ಮಾತನ್ನು ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಉನ್ನತ ಸಂಶೋಧನೆಯನ್ನು ವಿಶ್ವವಿದ್ಯಾನಿಲಯಗಳ ಹೊರಗೆ ಪ್ರತ್ಯೇಕ ಸಂಸ್ಥೆಗಳಲ್ಲಿ ನೆಲೆಗೊಳಿಸುವ ಪದ್ಧತಿಗೆ ಬಲ ಬಂದುದು ಅವರಿಂದ. ಮೇಘನಾದ ಸಹಾ ಇದನ್ನು ಆಗಲೇ ವಿರೋಧಿಸಿದ್ದರು. ಭಾಭಾ ಅವರ ಸಂಸ್ಥೆ ಬೇಗ ಬೆಳೆಯಿತು, ನಿಜ. ಆದರೆ ಜಿಲ್ಲೆಯ ಕಾಲೇಜುಗಳಲ್ಲಿ ಪಾಠ ಹೇಳುವವರಿಗೂ ಸಂಶೋಧಿಸುವವರಿಗೂ ನಡುವೆ ಗೋಡೆ ಎದ್ದಿತು. ಕೋಲಾರದ ಗಣಿಯಲ್ಲಿ ಜಗತ್ತೇ ಬೆರಗಾಗುವ ಕೆಲಸ ನಡೆಯುತ್ತಿದ್ದಾಗ, ಅದೇ ರಾಜ್ಯದ ನಮ್ಮ ತರಗತಿಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅವರು ತಜ್ಞರನ್ನು ಕಾಯುತ್ತ ಕುಳಿತಿರಲು ಸಿದ್ಧರಿರಲಿಲ್ಲ, ಅವರ ಆತುರಕ್ಕೆ ಕಾರಣವಿತ್ತು ಎಂದು ನಾನು ಒಪ್ಪುತ್ತೇನೆ. ಆದರೂ ಸಹಾ ಅವರ ಪಕ್ಷದಲ್ಲಿಯೂ ಸತ್ಯವಿತ್ತೆಂದೇ ನನ್ನ ತೀರ್ಮಾನ.

1966ರ ಜನವರಿ 24ರಂದು, ಇಂದಿರಾ ಗಾಂಧಿಯವರು ಪ್ರಧಾನಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದ ದಿನವೇ, ವಿಯೆನ್ನಾದ ಸಭೆಗೆಂದು ಭಾಭಾ ಅವರು ಪ್ರಯಾಣ ಮಾಡುತ್ತಿದ್ದ ಕಾಂಚನಜುಂಗಾ ಎಂಬ ಏರ್ ಇಂಡಿಯಾ ವಿಮಾನ ಆಲ್ಪ್ಸ್ ಪರ್ವತದ ಮೋಂ ಬ್ಲಾಂಗೆ ಬಡಿದು ನುಚ್ಚುನೂರಾಯಿತು. ವಿಮಾನದಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಆಗ ಅವರ ವಯಸ್ಸು 56. ಕೋಲಾರದ ನ್ಯೂಟ್ರಿನೋ ಫಲಿತಾಂಶ ಪ್ರಕಟವಾಗಿ ಆರು ತಿಂಗಳೂ ಆಗಿರಲಿಲ್ಲ. ಸಂಸ್ಥೆಯ ನಿರ್ದೇಶಕತ್ವ ಮಂಗಳೂರಿನಲ್ಲಿ ಹುಟ್ಟಿದ ಮೆನನ್ ಅವರಿಗೆ ಬಂದಿತು, ಅವರ ನಂತರ 1975ರಲ್ಲಿ ಶ್ರೀಕಂಠನ್ ಅವರಿಗೆ. ಗಣಿಯೊಳಗಿನ ಪ್ರಯೋಗಗಳು ತೊಂಬತ್ತರ ದಶಕದ ಆರಂಭದವರೆಗೂ ನಡೆದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಪಕರಣಗಳನ್ನಿರಿಸಿದ್ದ ಆ ಸುರಂಗಗಳಲ್ಲಿ ಈಗ ನೀರು ತುಂಬಿದೆ.